ಕಾಮಣ್ಣನ ಕಟ್ಟಿಗೆ: ಕಳ್ಳತನಕ್ಕೂ ಒಂದು ಕಟ್ಟಳೆ

ಶಿವರಾತ್ರಿ ಮುಗಿದರೆ ಅಮಾವಾಸ್ಯೆ, ಅಲ್ಲಿಂದ ಹದಿನೈದು ದಿನಕ್ಕೆ ಹೋಳಿ ಹುಣ್ಣಿಮೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಕಡೆಯ ಊರುಗಳಲ್ಲಿ ಈ ಹದಿನೈದು ರಾತ್ರಿಗಳಿಗೆ ಬೇರೆಯದೇ ಒಂದು ಲೆಕ್ಕವಿತ್ತು. ಓಣಿಯ ಹುಡುಗರು ಹಲಗಿ ಬಾರಿಸುತ್ತ ತಿರುಗುತ್ತಿದ್ದರು. ಕತ್ತಲಾದ ಮೇಲೆ ಅವರೇ ಹಿತ್ತಿಲ ಗೋಡೆ ಹಾರಿ ಕುಳ್ಳು, ಕಟ್ಟಿಗೆ, ಮುರುಕು ಮಂಚದ ಕಾಲು, ಬೇಲಿಯ ಗೂಟ ಕದ್ದು ತಂದು ಕಾಮಣ್ಣನ ರಾಶಿಗೆ ಹಾಕುತ್ತಿದ್ದರು. ಮನೆಯವರು ಕುಳ್ಳಿನ ಒಟ್ಟಿಲನ್ನು ಒಳಗೆ ಸಾಗಿಸುತ್ತಿದ್ದರು, ಇಲ್ಲವೇ ಅಂಗಳದಲ್ಲಿ ಮಂಚ ಹಾಕಿಕೊಂಡು ಕಾಯುತ್ತಿದ್ದರು. ಕನ್ನಡದ ಮಕ್ಕಳೆಲ್ಲ ಬಲ್ಲ ಕಾಮಣ್ಣನ ಹಾಡು ಹಾಡುವವರನ್ನೇ ಕಳ್ಳರೆಂದು ಕರೆದು, ಕದ್ದ ಮಾಲಿನ ಪಟ್ಟಿಯನ್ನೂ ಕೊಡುತ್ತದೆ. ಇಷ್ಟು ಬಹಿರಂಗವಾಗಿ ತಪ್ಪೊಪ್ಪಿಕೊಳ್ಳುವ ಕಳ್ಳರು ಜಗತ್ತಿನಲ್ಲಿ ಬೇರೆ ಎಲ್ಲೂ ಸಿಗಲಿಕ್ಕಿಲ್ಲ.

ಇದನ್ನು ನಾವು ಹಬ್ಬದ ತುಂಟತನವೆಂದು ನಕ್ಕು ಬಿಟ್ಟುಬಿಡುತ್ತೇವೆ. ಆದರೆ ಆಟಗಳ ಚರಿತ್ರೆಯ ಕಣ್ಣಿನಿಂದ ನೋಡಿದರೆ ಇದು ಸಾಕಷ್ಟು ಕಠಿಣವಾದ ಒಂದು ಆಟ. ಇದರಲ್ಲಿ ಇಬ್ಬರಲ್ಲ, ಹಲವು ಪಕ್ಷಗಳಿವೆ: ಒಂದು ಓಣಿಯ ಹುಡುಗರು, ಪಕ್ಕದ ಓಣಿಯ ಹುಡುಗರು, ಪ್ರತಿಯೊಂದು ಮನೆ. ಹೊರಗೆ ಕದಿಯಲು ಹೋದ ಗುಂಪು ತನ್ನ ರಾಶಿಯನ್ನು ಕಾಯಲೂ ಯಾರನ್ನಾದರೂ ಬಿಟ್ಟು ಹೋಗಬೇಕು, ಏಕೆಂದರೆ ಪಕ್ಕದ ಓಣಿಯವರ ಕಣ್ಣು ಅದರ ಮೇಲಿರುತ್ತದೆ. ಬಾಗಲಕೋಟೆ ಪಟ್ಟಣದ ಹೋಳಿಯಲ್ಲಿ ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಎಂದು ಬಡಾವಣೆಗಳೇ ಪಕ್ಷಗಳಾಗಿ ನಿಲ್ಲುವುದನ್ನು ಬಲ್ಲವರಿಗೆ ಈ ಪೈಪೋಟಿಯನ್ನು ವಿವರಿಸಬೇಕಾಗಿಲ್ಲ. ಎಲ್ಲರಿಗೂ ಕಾಯಬೇಕಾದ ಒಂದು ಮನೆ, ಎಲ್ಲರಿಗೂ ಒಂದು ಗುಟ್ಟು. ಹಾಗಿದ್ದೂ ಇದು ಜಗಳವಾಗದೆ ಆಟವಾಗಿಯೇ ಉಳಿದದ್ದು ಹೇಗೆ? ಗುಟ್ಟು ಮತ್ತು ನ್ಯಾಯ ಒಂದೇ ಅಂಗಳದಲ್ಲಿ ಹೇಗೆ ಬಾಳಿದವು?

ಮೊದಲು ಗುಟ್ಟೇ ಇಲ್ಲದ ಆಟಗಳನ್ನು ನೋಡೋಣ. ಹುನಗುಂದ ತಾಲೂಕಿನ ಐಹೊಳೆ, ಬಾದಾಮಿ ತಾಲೂಕಿನ ಪಟ್ಟದಕಲ್ಲುಗಳ ಗುಡಿಗಳಲ್ಲಿ ಬಗ್ಗಿ ನೆಲ ನೋಡುತ್ತ ನಡೆದರೆ ಅಲ್ಲಲ್ಲಿ ಕಲ್ಲಿನಲ್ಲಿ ಕೊರೆದ ಆಟದ ಪಟಗಳು ಕಾಣಸಿಗುತ್ತವೆ. ಅವು ಚಾಲುಕ್ಯರ ಕಾಲದವೇ ಆಗಬೇಕೆಂದಿಲ್ಲ. ಗುಡಿಯ ನೆರಳಿನಲ್ಲಿ ಕೂತ ಯಾತ್ರಿಕರೋ ಕಾವಲುಗಾರರೋ ದನ ಕಾಯುವವರೋ ಯಾವ ಶತಮಾನದಲ್ಲಾದರೂ ಕೊರೆದಿರಬಹುದು. ಆಟದ ಗೌರವ ಮಾತ್ರ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ, ಅಂದರೆ 12ನೇ ಶತಮಾನದ ಮೊದಲ ಭಾಗದಲ್ಲೇ, ಚದುರಂಗ, ಪಗಡೆ, ಕವಡೆಯಾಟಗಳು ಅರಸನ ವಿನೋದಗಳ ಸಾಲಿನಲ್ಲಿ ಕೂತಿವೆ.

ನಮ್ಮ ಆಟದ ಮಾತಿನಲ್ಲಿ ಒಂದು ವಿಶೇಷವಿದೆ. ಪಟದ ಚೌಕವನ್ನೂ ನಾವು ‘ಮನೆ’ ಎನ್ನುತ್ತೇವೆ, ಹರಳು ತುಂಬುವ ಕುಳಿಯನ್ನೂ ‘ಮನೆ’ ಎನ್ನುತ್ತೇವೆ. ಕಾಯಿ ಸತ್ತರೆ ಮನೆಗೆ ಹೋಗುತ್ತದೆ, ಗೆದ್ದರೆ ಹಣ್ಣಾಗಿ ನಡುಮನೆ ಸೇರುತ್ತದೆ. ಮನೆ ಕಾಯುವುದೇ ಆಟದ ಮೂಲಭಾವ ಎಂಬಂತೆ ಭಾಷೆಯೇ ಏರ್ಪಾಟು ಮಾಡಿಕೊಂಡಿದೆ.

ಈ ಆಟಗಳಲ್ಲಿ ಹುಲಿಕಟ್ಟು ಅಥವಾ ಆಡುಹುಲಿ ಆಟ ನಮ್ಮ ಪ್ರಶ್ನೆಗೆ ಹತ್ತಿರದ್ದು. ದಕ್ಷಿಣ ಭಾರತದಲ್ಲಿ ಹೆಚ್ಚು ರೂಢಿಯಲ್ಲಿರುವ ಪಟದಲ್ಲಿ ಹುಲಿ ಮೂರು, ಆಡು ಹದಿನೈದು. ಹುಲಿ ಆಡನ್ನು ಹಾರಿ ತಿನ್ನುತ್ತದೆ. ಆಡಿಗೆ ತಿನ್ನುವ ಹಕ್ಕಿಲ್ಲ, ಸುತ್ತುಗಟ್ಟಿ ಹುಲಿಯನ್ನು ಕದಲದಂತೆ ಮಾಡುವುದಷ್ಟೇ ಅದರ ದಾರಿ. ಎರಡು ಪಕ್ಷಗಳಿಗೆ ಕಾಯಿಯ ಸಂಖ್ಯೆಯೂ ಬೇರೆ, ಬಲವೂ ಬೇರೆ, ಗುರಿಯೂ ಬೇರೆ. ಆದರೂ ಇದನ್ನು ಮೋಸದ ಆಟವೆಂದು ಯಾರೂ ಹೇಳಿಲ್ಲ. ನೇಪಾಳದಲ್ಲಿ ಇದರ ದಾಯಾದಿಯಾದ ಬಾಘ್‌ಚಾಲ್ ಎಂಬ ಆಟವಿದೆ: ನಾಲ್ಕು ಹುಲಿ, ಇಪ್ಪತ್ತು ಆಡು. ಲಿಮ್ ಯೂ ಜಿನ್ ಮತ್ತು ಯುರ್ಗ್ ನೀವರ್ಗೆಲ್ಟ್ ಎಂಬ ಸಂಶೋಧಕರು ಕಂಪ್ಯೂಟರಿನಿಂದ ಅದನ್ನು ಕೊನೆಯವರೆಗೆ ಜಾಲಾಡಿ, ಎರಡೂ ಕಡೆಯವರು ತಪ್ಪಿಲ್ಲದೆ ಆಡಿದರೆ ಯಾರೂ ಗೆಲ್ಲುವುದಿಲ್ಲ ಎಂದು ತೋರಿಸಿದರು. ತಕ್ಕಡಿಯ ಎರಡು ತಟ್ಟೆಗಳಲ್ಲಿ ಬೇರೆ ಬೇರೆ ವಸ್ತುಗಳಿದ್ದೂ ಮುಳ್ಳು ನಡುವೆ ನಿಲ್ಲಬಲ್ಲದು. ಸಮಾನತೆ ಬೇರೆ, ನ್ಯಾಯ ಬೇರೆ ಎಂಬುದನ್ನು ಹಳ್ಳಿಯ ಕಟ್ಟೆಯ ಮೇಲೆ ಸುಣ್ಣದ ಗೆರೆ ಎಳೆದು ಆಡಿದವರು ಕಂಪ್ಯೂಟರಿಗಿಂತ ಮೊದಲೇ ಬಲ್ಲರು.

ಚೌಕಾಬಾರಾದಲ್ಲಿ ಆಟಗಾರರು ನಾಲ್ವರು. ಐದೈದು ಸಾಲಿನ ಇಪ್ಪತ್ತೈದು ಮನೆ, ನಾಲ್ಕು ಕವಡೆ. ನಾಲ್ಕೂ ಬದಿಯ ನಡುವಿನ ಮನೆಗೆ ಗೀಟು ಹಾಕಿ ‘ಕಟ್ಟೆ’ ಮಾಡುತ್ತಾರೆ. ನನ್ನ ಕಟ್ಟೆ ನನಗೆ ಹೇಗೆ ಆಸರೆಯೋ ನಿನ್ನ ಕಾಯಿಗೂ ಹಾಗೆಯೇ, ಅಲ್ಲಿ ಯಾರನ್ನೂ ಕಡಿಯುವಂತಿಲ್ಲ. ಆದರೆ ಒಬ್ಬರ ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ ಎಂಬ ನಿಯಮವೂ ಅನೇಕ ಕಡೆ ಇದೆ. ಕಾಯುವುದೂ ಬೇಕು, ದಾಳಿಯೂ ಬೇಕು. ಎಲ್ಲವೂ ಬೆಳಕಿನಲ್ಲಿ ನಡೆಯುತ್ತದೆ. ಗುಟ್ಟೇನಿದ್ದರೂ ಕವಡೆ ಇನ್ನೂ ಬೀಳದ ಕ್ಷಣದಲ್ಲಿದೆ, ಅದು ಆಡುವ ಎಲ್ಲರಿಗೂ ಒಂದೇ ಗುಟ್ಟು.

ಕಾಮಣ್ಣನ ಆಟ ಈ ನೆಮ್ಮದಿಯನ್ನು ಮುರಿಯುತ್ತದೆ. ಇಲ್ಲಿ ಒಬ್ಬನಿಗೆ ಗೊತ್ತಿರುವುದು ಇನ್ನೊಬ್ಬನಿಗೆ ಗೊತ್ತಿರಕೂಡದು. ಯಾವ ರಾತ್ರಿ, ಯಾರ ಹಿತ್ತಿಲು, ಎಷ್ಟು ಜನ ಎಂಬುದು ಬಯಲಾದರೆ ಆಟವೇ ಮುಗಿಯಿತು. ಅತ್ತ ಮನೆಯವರ ಗುಟ್ಟೂ ಅಷ್ಟೇ ಮುಖ್ಯ: ದೀಪ ಆರಿದ ಮಾತ್ರಕ್ಕೆ ಮಲಗಿದ್ದಾರೆಂದಲ್ಲ. ಹಾಗಾದರೆ ಇದಕ್ಕೂ ನಿಜವಾದ ಕಳ್ಳತನಕ್ಕೂ ವ್ಯತ್ಯಾಸವೇನು?

ಈ ಪ್ರಶ್ನೆಗೆ ಕಾನೂನಿನ ಪುಸ್ತಕದಲ್ಲೇ ಒಂದು ಸುಳಿವಿದೆ. 2024ರವರೆಗೆ ಜಾರಿಯಲ್ಲಿದ್ದ 1860ರ ಭಾರತೀಯ ದಂಡಸಂಹಿತೆಯ 378ನೇ ಕಲಮಿನ ಪ್ರಕಾರ ಒಪ್ಪಿಗೆಯಿಲ್ಲದೆ, ಅಪ್ರಾಮಾಣಿಕ ಉದ್ದೇಶದಿಂದ ಚರವಸ್ತುವನ್ನು ಸಾಗಿಸಿದರೆ ಅದು ಕಳವಾಗುತ್ತಿತ್ತು. ಆದರೆ ಅದೇ ಕಲಮಿನ ವಿವರಣೆಯಲ್ಲಿ ಒಪ್ಪಿಗೆ ಬಾಯಿಬಿಟ್ಟು ಹೇಳಿದ್ದಾಗಿರಬಹುದು ಅಥವಾ ಸಂದರ್ಭದಿಂದ ತಿಳಿಯುವಂಥದ್ದಾಗಿರಬಹುದು ಎಂದಿತ್ತು. ಇಂಥ ಕಟ್ಟಿಗೆಯನ್ನು ಇಂಥ ಹೊತ್ತಿನಲ್ಲಿ ಒಯ್ಯಿರಿ ಎಂದು ಯಾವ ಮನೆಯವರೂ ಹೇಳಿಲ್ಲ. ಆದರೆ ಈ ಹದಿನೈದು ದಿನ ಹುಡುಗರು ಬರುತ್ತಾರೆ, ಸಿಕ್ಕರೆ ಒಯ್ಯುತ್ತಾರೆ, ಸಿಕ್ಕಿಬಿದ್ದರೆ ಬೈಸಿಕೊಳ್ಳುತ್ತಾರೆ ಎಂಬುದನ್ನು ಊರೇ ಒಪ್ಪಿಕೊಂಡಿದೆ. ಗುಟ್ಟಿರುವುದು ನಡೆಯಲ್ಲಿ, ನಿಯಮದಲ್ಲಿ ಅಲ್ಲ. ಹಲಗಿಯ ಸದ್ದು ಆ ನಿಯಮದ ಡಂಗುರ. ನಿಜವಾದ ಕಳ್ಳ ಬರುವ ಮುಂಚೆ ವಾದ್ಯ ಬಾರಿಸುವುದಿಲ್ಲ.

ಡಂಗುರದ ಹೊರತಾಗಿ ಇನ್ನೊಂದು ಕಾವಲು ಆಕಾಶದಲ್ಲಿತ್ತು. ಈ ಆಟ ಶುಕ್ಲಪಕ್ಷದಲ್ಲಿ ನಡೆಯುತ್ತದೆ. ಮೊದಲ ರಾತ್ರಿಗಳಲ್ಲಿ ಚಂದ್ರ ಬೇಗ ಮುಳುಗುತ್ತಾನೆ, ಇಡೀ ಊರು ಕತ್ತಲು, ಕದಿಯುವವರಿಗೆ ಅನುಕೂಲ. ದಿನಕ್ಕೆ ಸುಮಾರು ಐವತ್ತು ನಿಮಿಷದಂತೆ ಚಂದ್ರಾಸ್ತ ಮುಂದೆ ಹೋಗುತ್ತದೆ. ಅಷ್ಟಮಿಯ ಹೊತ್ತಿಗೆ ನಡುರಾತ್ರಿಯವರೆಗೂ ಬೆಳದಿಂಗಳು. ಹುಣ್ಣಿಮೆ ಹತ್ತಿರವಾದಂತೆ ಕತ್ತಲೆಂಬುದು ಬೆಳಗಿನ ಜಾವದ ಒಂದಿಷ್ಟು ಹೊತ್ತಿಗೆ ಕುಗ್ಗುತ್ತದೆ. ಅಂದರೆ ರಾಶಿ ದೊಡ್ಡದಾಗಬೇಕೆಂಬ ಆತುರ ಹೆಚ್ಚಿದಂತೆ ಕದಿಯುವುದು ಕಷ್ಟವಾಗುತ್ತದೆ, ಮನೆಯವರು ಕಾದು ದಣಿದಂತೆ ಬೆಳಕು ಅವರ ನೆರವಿಗೆ ಬರುತ್ತದೆ. ಇದನ್ನು ಯಾರೂ ಕೂತು ಲೆಕ್ಕಹಾಕಿ ಮಾಡಿದ್ದಲ್ಲ, ಹಬ್ಬದ ತಿಥಿಯೇ ಮಾಡಿಕೊಟ್ಟ ಅನುಕೂಲ. ಇಂದು ಆಟ ರೂಪಿಸುವವರು ತಲೆಕೆಡಿಸಿಕೊಳ್ಳುವ ಸಮತೋಲವನ್ನು ಪಂಚಾಂಗ ಪುಕ್ಕಟೆಯಾಗಿ ಕೊಟ್ಟಿತ್ತು.

ನಿಯಮವೂ ಗುಟ್ಟಾದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಬಾದಾಮಿಯ ಬೆಟ್ಟ ಹತ್ತಿದರೆ ಸಾಕು. ಅಲ್ಲಿಯ ಬಂಡೆಯ ಮೇಲೆ ಕ್ರಿ.ಶ. 543ರ ಒಂದನೆಯ ಪುಲಕೇಶಿಯ ಶಾಸನವಿದೆ. ವಾತಾಪಿಯ ಬೆಟ್ಟವನ್ನು ಮೇಲಿನಿಂದಲೂ ಕೆಳಗಿನಿಂದಲೂ ದುರ್ಗಮವಾದ ಕೋಟೆಯಾಗಿ ಮಾಡಿದನೆಂದು ಅದು ಸಾರುತ್ತದೆ. ನೂರು ವರ್ಷ ತುಂಬುವ ಮೊದಲೇ, 642ರ ಹೊತ್ತಿಗೆ, ಪಲ್ಲವ ನರಸಿಂಹವರ್ಮ ಅದೇ ಊರನ್ನು ಹಿಡಿದು ತನ್ನ ಹೆಸರನ್ನೂ ಅಲ್ಲಿಯ ಬಂಡೆಗೆ ಬರೆಸಿದ. 1786ರ ಮೇ ತಿಂಗಳಲ್ಲಿ ಮರಾಠರ ಮತ್ತು ನಿಜಾಮನ ಸೈನ್ಯಗಳು ಟಿಪ್ಪುವಿನ ಕಾವಲುಪಡೆಯಿದ್ದ ಈ ಕೋಟೆಗೆ ಏಣಿ ಹಾಕಿ ಹತ್ತಿದಾಗ ಕಂದಕದ ಆಸುಪಾಸಿನಲ್ಲಿ ಹೂತಿಟ್ಟ ಮದ್ದಿನ ಕುಳಿಗಳು ಸಿಡಿದು ಅನೇಕರು ಸತ್ತರು. 1818ರ ಫೆಬ್ರವರಿಯಲ್ಲಿ ಥಾಮಸ್ ಮನ್ರೋ ಅದನ್ನು ಇಂಗ್ಲಿಷರ ವಶಕ್ಕೆ ತಂದ. ಎರಡು ಬೆಟ್ಟಗಳ ನಡುವಿನ ಆ ಇಕ್ಕಟ್ಟಿನ ಸೀಳುದಾರಿಗಳಲ್ಲಿ ನಡೆದವರಿಗೆ ಮನೆ ಕಾಯುವ ಕಲೆ ಎಷ್ಟು ಭೀಕರವಾಗಬಲ್ಲದೆಂದು ತಾನೇ ಹೊಳೆಯುತ್ತದೆ. ಪ್ರತಿ ತಿರುವಿನಲ್ಲೂ ಮೇಲಿರುವವನಿಗೆ ಕೆಳಗಿರುವವನು ಕಾಣುತ್ತಾನೆ, ಕೆಳಗಿರುವವನಿಗೆ ಮೇಲಿನವನು ಕಾಣುವುದಿಲ್ಲ.

ಕೌಟಿಲ್ಯನ ಅರ್ಥಶಾಸ್ತ್ರ ಯುದ್ಧವನ್ನು ಮೂರಾಗಿ ವಿಂಗಡಿಸುತ್ತದೆ: ಸ್ಥಳ ಮತ್ತು ಕಾಲ ಹೇಳಿ ಮಾಡುವ ಪ್ರಕಾಶಯುದ್ಧ, ವಂಚನೆಯ ಕೂಟಯುದ್ಧ, ಸದ್ದಿಲ್ಲದೆ ಗೂಢಚಾರರಿಂದ ಮಾಡಿಸುವ ತೂಷ್ಣೀಂಯುದ್ಧ. ಕಾಮಣ್ಣನ ಕಟ್ಟಿಗೆಯ ಆಟ ಇವುಗಳಲ್ಲಿ ಯಾವುದೂ ಅಲ್ಲ, ಮೂರನ್ನೂ ಅಣಕಿಸುವಂಥದ್ದು. ಕಾಲವನ್ನು ಡಂಗುರ ಹೊಡೆದು ಹೇಳುತ್ತದೆ, ಸ್ಥಳವನ್ನು ಮುಚ್ಚಿಡುತ್ತದೆ, ಗೆದ್ದದ್ದನ್ನು ಕೊನೆಗೆ ಸುಟ್ಟುಬಿಡುತ್ತದೆ. ಮದ್ದಿನ ಕುಳಿಗೆ ಬಿದ್ದವನು ಯಾವ ಆಟಕ್ಕೂ ಒಪ್ಪಿರಲಿಲ್ಲ. ಕುಳ್ಳು ಕಳೆದುಕೊಂಡ ಮನೆಯ ಯಜಮಾನ ತನ್ನ ಬಾಲ್ಯದಲ್ಲಿ ತಾನೂ ಗೋಡೆ ಹಾರಿದವನೇ. ಅಂದು ಕಳ್ಳ, ಇಂದು ಕಾವಲುಗಾರ. ಒಂದೇ ರಾತ್ರಿಯಲ್ಲಿ ಸಮವಾಗದ ಲೆಕ್ಕ ಒಂದು ಆಯುಷ್ಯದಲ್ಲಿ ಸಮವಾಗುತ್ತದೆ. ಹುಲಿಕಟ್ಟಿನಲ್ಲೂ ಒಂದಾಟ ಮುಗಿದ ಮೇಲೆ ಹುಲಿಯಾಡಿದವರು ಆಡಾಗಿ, ಆಡಾಡಿದವರು ಹುಲಿಯಾಗಿ ಕೂರುವುದು ಇದೇ ನ್ಯಾಯಕ್ಕೆ.

ಅಡಗುವುದು ತಪ್ಪೇ ಎಂಬ ಪ್ರಶ್ನೆ ಈ ಜಿಲ್ಲೆಯ ಮಹಾಕವಿಗೂ ಎದುರಾಗಿತ್ತು. ಮುಧೋಳದ ಬಳೆಗಾರರ ಮನೆತನದಲ್ಲಿ ಹುಟ್ಟಿದ ರನ್ನ ಹತ್ತನೇ ಶತಮಾನದ ಕೊನೆಯಲ್ಲಿ ಬರೆದ ‘ಗದಾಯುದ್ಧ’ದ ಕಥೆ ನಿಂತಿರುವುದೇ ಅಡಗಿ ಕೂತ ಒಬ್ಬ ದೊರೆಯ ಮೇಲೆ. ದುರ್ಯೋಧನ ಸರೋವರದ ನೀರಿನೊಳಗೆ ಮರೆಯಾಗುತ್ತಾನೆ, ಭೀಮನ ಮೂದಲೆ ತಾಳಲಾರದೆ ಹೊರಬರುತ್ತಾನೆ. ಮಹಾಭಾರತದ ಕಥೆ ಕೇಳಿದ ನಮ್ಮ ಜನ ಅವನು ನೀರಿನಲ್ಲಿ ಅಡಗಿದ್ದನ್ನು ಹೇಡಿತನವೆಂದು ಆಡಿಕೊಂಡಿರಬಹುದು, ಅನ್ಯಾಯವೆಂದು ಹೇಳಿಲ್ಲ. ಅನ್ಯಾಯದ ಮಾತು ಬರುವುದು ತೊಡೆಗೆ ಬಿದ್ದ ಪೆಟ್ಟಿನಲ್ಲಿ, ಏಕೆಂದರೆ ಹೊಕ್ಕುಳಿನ ಕೆಳಗೆ ಹೊಡೆಯಬಾರದೆಂಬುದು ಗದೆ ಹಿಡಿದ ಇಬ್ಬರಿಗೂ ತಿಳಿದಿದ್ದ ನಿಯಮ. ಬಲರಾಮ ಸಿಟ್ಟಿಗೆದ್ದದ್ದು ಅದಕ್ಕೆ. ಜೂಜಿನ ಸಭೆಯಲ್ಲೂ ಹಾಗೆಯೇ. ಶಕುನಿ ಚತುರನಾಗಿದ್ದುದು ದೋಷವಲ್ಲ. ಪಣ ಒಡ್ಡಿದವನೊಬ್ಬ, ದಾಳ ಎಸೆದವನೊಬ್ಬ ಎಂಬಲ್ಲಿ ದೋಷವಿತ್ತು. ನಮ್ಮ ನೀತಿಪ್ರಜ್ಞೆ ಮರೆಯನ್ನು ಕ್ಷಮಿಸುತ್ತದೆ, ಕಟ್ಟಳೆ ತಿರುಚಿದ್ದನ್ನು ಕ್ಷಮಿಸುವುದಿಲ್ಲ.

ಬೇರೆ ದೇಶಗಳವರೂ ಇದೇ ಗಂಟಿನ ಜೊತೆ ಗುದ್ದಾಡಿದ್ದಾರೆ. 1899ರಲ್ಲಿ ಹೆನ್ರಿ ಮೈಕೆಲ್ ಟೆಂಪಲ್ ಎಂಬ ಇಂಗ್ಲಿಷ್ ಪತ್ರಕರ್ತ ಚದುರಂಗಕ್ಕೆ ಗುಟ್ಟನ್ನು ಸೇರಿಸಿ ಕ್ರೀಗ್‌ಸ್ಪೀಲ್ ಎಂಬ ಆಟ ಮಾಡಿದ. ಇಬ್ಬರು ಆಟಗಾರರಿಗೂ ಎದುರಾಳಿಯ ಕಾಯಿ ಕಾಣುವುದಿಲ್ಲ. ಎರಡೂ ಪಟ ನೋಡಬಲ್ಲ ಮೂರನೆಯವನೊಬ್ಬ ಆ ನಡೆ ಸಾಧ್ಯ, ಈ ನಡೆ ಅಸಾಧ್ಯ ಎಂದು ಹೇಳುತ್ತಿರುತ್ತಾನೆ. ಆ ತೀರ್ಪುಗಾರನಿಲ್ಲದೆ ಆಟವೇ ಇಲ್ಲ. 1983ರ ‘ಸ್ಕಾಟ್ಲೆಂಡ್ ಯಾರ್ಡ್’ ಎಂಬ ಪಟದಾಟದಲ್ಲಿ ಲಂಡನ್ನಿನ ನಕ್ಷೆಯ ಮೇಲೆ ಒಬ್ಬ ತಪ್ಪಿಸಿಕೊಳ್ಳುತ್ತಾನೆ, ಉಳಿದವರು ಬೆನ್ನಟ್ಟುತ್ತಾರೆ. ಅವನ ನಡೆ ಗುಟ್ಟು. ಆದರೆ ಪ್ರತಿ ನಡೆಯನ್ನೂ ಅವನು ಬರೆದು ಮುಚ್ಚಿಡಬೇಕು, ಗೊತ್ತಾದ ಸರದಿಗಳಲ್ಲಿ ಒಮ್ಮೆ ಮುಖ ತೋರಿಸಬೇಕು. ಕಂಪ್ಯೂಟರ್ ಆಟಗಳಲ್ಲಿ ಈ ಕೆಲಸ ಸರ್ವರಿನದು. ಎದುರಾಳಿಯ ಮನೆಯೊಳಗಿನ ವಿವರ ನನ್ನ ಯಂತ್ರಕ್ಕೆ ಬಂದು ಪರದೆಯಲ್ಲಿ ಮಾತ್ರ ಮರೆಯಾಗಿದ್ದರೆ, ಯಾರಾದರೂ ಅದನ್ನು ಬಗೆದು ನೋಡಿಯೇ ನೋಡುತ್ತಾರೆ. ನೋಡುವ ಹಕ್ಕಿಲ್ಲದ್ದನ್ನು ಕಳಿಸದೇ ಇರುವುದೇ ಅದಕ್ಕೆ ಮದ್ದು.

ಇಂಗ್ಲೆಂಡಿನ ಮಕ್ಕಳಿಗೂ ಒಂದು ಕಾಮಣ್ಣನಿದ್ದಾನೆ. ನವೆಂಬರ್ 5ರ ಗೈ ಫಾಕ್ಸ್ ರಾತ್ರಿಯ ಬೆಂಕಿಗಾಗಿ ವಾರಗಟ್ಟಲೆ ಕಟ್ಟಿಗೆ ಕೂಡಿಹಾಕುವುದು, ಬೇರೆ ಬೀದಿಯವರ ರಾಶಿಗೆ ಲಗ್ಗೆ ಹಾಕುವುದು, ತಮ್ಮದಕ್ಕೆ ಕಾವಲು ಕೂರುವುದು ಅಲ್ಲಿಯೂ ರೂಢಿ. ಶಾಲಾಮಕ್ಕಳ ಆಚರಣೆಗಳನ್ನು ಕುರಿತ ಐಯೋನಾ ಮತ್ತು ಪೀಟರ್ ಓಪೀ ದಂಪತಿಗಳ 1959ರ ಪ್ರಸಿದ್ಧ ಪುಸ್ತಕದಲ್ಲಿ ಈ ಹಬ್ಬದ ಮಕ್ಕಳ ಲೋಕವಿದೆ. ಎಲ್ಲಿ ಬೆಂಕಿಯ ಹಬ್ಬವಿದೆಯೋ ಅಲ್ಲಿ ಕಟ್ಟಿಗೆಯ ಯುದ್ಧವೂ ಇದೆ ಎಂದು ಕಾಣುತ್ತದೆ.

ಕಾಮಣ್ಣನ ಆಟದಲ್ಲಿ ತೀರ್ಪುಗಾರನಿಲ್ಲ, ಬರೆದಿಡುವ ಚೀಟಿಯಿಲ್ಲ, ಸರ್ವರ್ ಇಲ್ಲ. ಅದರ ಬದಲಿಗೆ ಬೆಂಕಿಯಿದೆ. ಹುಣ್ಣಿಮೆಯ ರಾತ್ರಿ ಊರೆಲ್ಲ ರಾಶಿಯ ಸುತ್ತ ನಿಲ್ಲುತ್ತದೆ. ನಮ್ಮ ಬೇಲಿಯ ಗೂಟ, ಅವರ ಮಂಚದ ಕಾಲು, ಇವರ ಹಳೆ ಬಾಗಿಲು ಎಲ್ಲವೂ ಎಲ್ಲರ ಕಣ್ಣೆದುರೇ ಇವೆ. ಗುರುತು ಹಿಡಿಯಬಹುದು, ಕೇಳುವಂತಿಲ್ಲ. ಹದಿನೈದು ರಾತ್ರಿಗಳ ಗುಟ್ಟಿಗೆ ಒಂದು ಬಹಿರಂಗ ಲೆಕ್ಕಪತ್ರ ಅದು. ಕದ್ದವನು ತನಗಾಗಿ ಏನನ್ನೂ ಉಳಿಸಿಕೊಂಡಿಲ್ಲ ಎಂಬುದಕ್ಕೆ ಆ ಉರಿಯೇ ಸಾಕ್ಷಿ. ಕದ್ದ ಕುಳ್ಳಿನಿಂದ ಯಾರಾದರೂ ತಮ್ಮ ಮನೆಯ ಒಲೆ ಹೊತ್ತಿಸಿದರೆ ಆ ಕ್ಷಣವೇ ಆಟಗಾರ ಕಳ್ಳನಾಗುತ್ತಾನೆ.

ಏನು ಕದಿಯಬಹುದು ಎಂಬುದಕ್ಕೂ ಒಂದು ಗೆರೆಯಿತ್ತು. ಇಳಕಲ್ಲಿನ ನೇಕಾರನ ಲಾಳಿಯೂ ಕಟ್ಟಿಗೆಯೇ, ಹುನಗುಂದದ ಎರೆಹೊಲದ ಒಕ್ಕಲಿಗನ ಕುಂಟೆಯೂ ಕಟ್ಟಿಗೆಯೇ. ಆದರೆ ಅವು ಉರುವಲಲ್ಲ. ಉರುವಲು ಹೋದರೆ ಮತ್ತೆ ತರಬಹುದು, ದುಡಿಮೆಯ ಸಾಮಾನು ಹೋದರೆ ಊಟ ಹೋಗುತ್ತದೆ. ಗಾಡಿಯನ್ನೇ ತಂದು ಬೆಂಕಿಗೆ ನೂಕಿದಂಥ ಘಟನೆಗಳಾದಾಗ ಹಬ್ಬ ಹೊಡೆದಾಟವಾಗುತ್ತಿದ್ದುದು ಈ ಗೆರೆ ಅಳಿಸಿದ್ದರಿಂದ.

ಇಷ್ಟಾದರೂ ಈ ಆಟ ಎಲ್ಲರಿಗೂ ನ್ಯಾಯವಾಗಿತ್ತೇ? ಆ ಕುಳ್ಳನ್ನು ತಟ್ಟಿದವರು ಯಾರೆಂದು ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ. ದನದ ಹಿಂದೆ ತಿರುಗಿ ಸೆಗಣಿ ಹೆಕ್ಕಿ, ತಟ್ಟಿ, ಒಣಗಿಸಿ, ಮಳೆಗಾಲಕ್ಕೆಂದು ಒಟ್ಟಿದವರು ಹೆಂಗಸರು. ರಾತ್ರಿ ಗೋಡೆ ಹಾರುವ ಸಾಹಸ ಗಂಡುಹುಡುಗರದು. ಅಂದು ಕಳ್ಳ, ಇಂದು ಕಾವಲುಗಾರ ಎಂಬ ಸರದಿ ಹೆಣ್ಣುಮಗಳಿಗೆ ಬರಲೇ ಇಲ್ಲ. ಅವಳು ಹುಟ್ಟಿನಿಂದ ಮುಪ್ಪಿನವರೆಗೂ ಕಾಯುವ ಪಕ್ಷದಲ್ಲೇ ಇದ್ದಳು. ಹತ್ತು ಒಟ್ಟಿಲಿದ್ದ ವಾಡೆಯವರಿಗೆ ಒಂದು ಹೋದರೆ ನಗೆಮಾತು. ಒಂದೇ ಒಟ್ಟಿಲಿದ್ದ ಒಂಟಿ ಮುದುಕಿಗೆ ಅದು ವಾರದ ಅಡಿಗೆ. ದೊಡ್ಡವರ ಹಿತ್ತಿಲಿಗೆ ಆಳುಕಾಳಿನ ಕಾವಲು, ಬಡವರ ಹಿತ್ತಿಲಿಗೆ ಗೋಡೆಯೂ ಇಲ್ಲ. ಸಂದರ್ಭದಿಂದ ತಿಳಿಯುವ ಒಪ್ಪಿಗೆ ಎಂಬ ಮಾತು ಇಲ್ಲಿ ತೊಡರುತ್ತದೆ: ಬೇಡವೆನ್ನಲು ಬಾಯಿಲ್ಲದವರ ಮೌನವನ್ನೂ ನಾವು ಒಪ್ಪಿಗೆಯೆಂದೇ ಎಣಿಸಿದ್ದೇವೆ. ಹುಲಿಕಟ್ಟಿನಲ್ಲಿ ಆಡಿನ ಬಲ ಕಡಿಮೆಯೆಂದು ಸಂಖ್ಯೆ ಹೆಚ್ಚು ಕೊಟ್ಟವರು, ಹಿತ್ತಿಲ ಆಟದಲ್ಲಿ ಬಡವರಿಗೆ ಏನನ್ನೂ ಹೆಚ್ಚು ಕೊಡಲಿಲ್ಲ.

ಈಗ ಆ ಹಿತ್ತಿಲುಗಳೇ ಇಲ್ಲ. ಆಲಮಟ್ಟಿಯ ಹಿನ್ನೀರು ಹಳೆ ಬಾಗಲಕೋಟೆಯ ಒಂದು ದೊಡ್ಡ ಭಾಗವನ್ನು ನುಂಗಿತು. ಪೇಟೆಗಳ ಎಷ್ಟೋ ಜನ ಸಂಖ್ಯೆಯಿಂದ ಗುರುತಿಸುವ ನವನಗರದ ಸೆಕ್ಟರುಗಳಿಗೆ ಹೋಗಿ ನೆಲೆಸಿದರು. ಮೂರು ತಲೆಮಾರು ಒಂದೇ ಗೋಡೆ ಹಂಚಿಕೊಂಡವರ ನಡುವೆ ಬರೆಯದೆ ಉಳಿದಿದ್ದ ನಿಯಮ ಹೊಸ ನೆರೆಯವರ ನಡುವೆ ಉಳಿಯುವುದು ಕಷ್ಟ. ಒಲೆಗೆ ಸಿಲಿಂಡರ್ ಬಂದ ಮೇಲೆ ಒಟ್ಟಿಲು ಕರಗಿತು, ಕಾಯಲು ಏನೂ ಉಳಿಯಲಿಲ್ಲ. ಅನೇಕ ಕಡೆ ಕಾಮಣ್ಣನ ಕಟ್ಟಿಗೆಯನ್ನು ಅಡ್ಡೆಯಿಂದ ಹಣ ಕೊಟ್ಟು ತರುತ್ತಾರೆ, ಆ ಹಣಕ್ಕೆ ಹಾಡುಹಗಲೇ ಪಟ್ಟಿ ಎತ್ತುತ್ತಾರೆ.

ಮೇಲುನೋಟಕ್ಕೆ ಇದು ನ್ಯಾಯದ ಕಡೆಗೆ ಒಂದು ಹೆಜ್ಜೆ. ಗುಟ್ಟಿಲ್ಲ, ಗೋಡೆ ಹಾರುವುದಿಲ್ಲ, ರಸೀದಿಯೂ ಸಿಗಬಹುದು. ಆದರೆ ಇಪ್ಪತ್ತು ಜನ ಬಾಗಿಲಲ್ಲಿ ನಿಂತು ಕೇಳುವ ಚಂದಾ ಹಣವನ್ನು ನಿರಾಕರಿಸುವುದು, ಕತ್ತಲಲ್ಲಿ ಬರುವ ಮೂವರು ಹುಡುಗರಿಂದ ಕುಳ್ಳು ಉಳಿಸಿಕೊಳ್ಳುವುದಕ್ಕಿಂತ ಕಷ್ಟ. ಅಂದು ಮುದುಕಿಗೆ ಒಂದು ಅವಕಾಶವಿತ್ತು: ಎಚ್ಚರವಾಗಿದ್ದು ಒಂದು ಸಲ ಕೆಮ್ಮಿದರೆ ಗೋಡೆಯಾಚೆ ಓಡುವ ಕಾಲುಗಳ ಸದ್ದು ಕೇಳಿಸುತ್ತಿತ್ತು. ಇಂದು ಕೆಮ್ಮಿದರೆ ಯಾರೂ ಓಡುವುದಿಲ್ಲ, ರಸೀದಿ ಪುಸ್ತಕ ತೆರೆದು ಎಷ್ಟು ಬರೆಯೋಣ ಎಂದು ಕೇಳುತ್ತಾರೆ.